ರಾಣಿಯ ಕ್ಷೌರ ಆಗುತ್ತಿದೆ

ಲೋಕಯ್ಯನ ಮೀಸೆ ಮದುವೆಯ ಕರಾರಿನಲ್ಲಿ ಬಂದದ್ದು. ಬೇರೆಯವರಿಗೆ ಮಾವನ ಮನೆಯಿಂದ ಗಡಿಯಾರ ಬರುತ್ತದೆ, ಉಂಗುರ ಬರುತ್ತದೆ. ಇವನಿಗೆ ಮೀಸೆ ಬಂತು. ಅದನ್ನೂ ಅವನೇ ಸ್ವಂತ ಖರ್ಚಿನಲ್ಲಿ ಬೆಳೆಸಿಕೊಳ್ಳಬೇಕಾಯಿತು.

ಮದುವೆಗೆ ಮುಂಚೆ ಅವನು ಯಕ್ಷಗಾನದ ಡೇರೆ ಮೇಳವೊಂದರಲ್ಲಿ ಸ್ತ್ರೀವೇಷ ಮಾಡುತ್ತಿದ್ದ. ಕಾಡಿನಲ್ಲಿ ಗಂಡನನ್ನು ಕಳೆದುಕೊಂಡ ರಾಣಿ, ಮಗುವನ್ನು ಕಳೆದುಕೊಂಡ ರಾಣಿ, ರಾಜ್ಯವನ್ನು ಕಳೆದುಕೊಂಡ ರಾಣಿ: ಏನಾದರೊಂದನ್ನು ಕಳೆದುಕೊಂಡಿರದ ರಾಣಿಯನ್ನು ಅವನಿಗೆ ಯಾರೂ ಕೊಡುತ್ತಿರಲಿಲ್ಲ. ಕಟಪಾಡಿಯ ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ ಹಾಕಿದರೆ ಹೆಂಗಸರು ಸೆರಗು ಒದ್ದೆ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು. ಮಾರನೆಯ ಆಟಕ್ಕೆ ಮುಡಿದುಕೊಳ್ಳಲಿ ಎಂದು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಚಪ್ಪರಕ್ಕೆ, ಶಂಕರಪುರದ ಮಲ್ಲಿಗೆ ಕಳುಹಿಸುತ್ತಿದ್ದ ಮುದುಕಿಯರೂ ಇದ್ದರು.

ಹೆಣ್ಣು ನೋಡಲು ಹೋದ ದಿನ ಎಡವಟ್ಟಾಯಿತು. ಹುಡುಗಿ ಕುಸುಮಾವತಿ ಬೆಲ್ಲ ನೀರು ತಂದಿಟ್ಟಳು. ಅವಳ ಚಿಕ್ಕಮ್ಮ ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿ, ಮೆಲ್ಲಗೆ ಹೇಳಿದೆನೆಂದುಕೊಂಡು ಇಡೀ ಚಾವಡಿಗೆ ಕೇಳುವ ಹಾಗೆ ಹೇಳಿದಳು: “ಮಾರಾಯ್ತಿ, ಹುಡುಗ ನಮ್ಮ ಹುಡುಗಿಗಿಂತ ಚಂದ ಉಂಟು. ಇದರಲ್ಲಿ ಯಾರಿಗೆ ಯಾರನ್ನು ಕೊಡುವುದು?”

ಎಲ್ಲರೂ ನಕ್ಕರು. ಕುಸುಮಾವತಿ ನಗಲಿಲ್ಲ. ಅವಳಿಂದ ಬಂದ ಉತ್ತರ ಚಿಕ್ಕದು: ವೇಷ ಬಿಡಲಿ, ಮೀಸೆ ಬೆಳೆಸಲಿ, ಆಮೇಲೆ ಕರಿಮಣಿ.

ಲೋಕಯ್ಯ ಎರಡೂ ಮಾಡಿದ. ಅಷ್ಟೊಂದು ಹೆಂಗಸರು ಅವನ ರಾಣಿಯನ್ನು ನೋಡಿ ಅತ್ತಿದ್ದರು. ಅವನು ಕೈಹಿಡಿದ ಒಬ್ಬಳು ಮಾತ್ರ ಒಂದು ದಿನವೂ ನೋಡಿರಲಿಲ್ಲ. ಹೆಣ್ಣುಮಕ್ಕಳನ್ನು ಡೇರೆಗೆ ಕಳುಹಿಸುವ ಮನೆ ಅದಾಗಿರಲಿಲ್ಲ.

ಚೌಕಿಯಲ್ಲಿ ಹರಿದ ವೇಷಗಳಿಗೆ ಹೊಲಿಗೆ ಹಾಕುತ್ತಾ ಕಲಿತ ವಿದ್ಯೆ ಮೊದಲು ಮುಂಬಯಿಯಲ್ಲಿ, ಆಮೇಲೆ ಬಹ್ರೈನಿನಲ್ಲಿ ಅನ್ನಕ್ಕೆ ದಾರಿಯಾಯಿತು. ಮನಾಮದ ಹಳೇ ಪೇಟೆ ಸೂಕಿನಲ್ಲಿ ಉಳ್ಳಾಲದ ಬ್ಯಾರಿ ಹುಸೈನಬ್ಬನ ಟೈಲರ್ ಅಂಗಡಿ. ಅರಬರ ಉದ್ದ ನಿಲುವಂಗಿಗೆ ಕಾಲರ್ ಕೂರಿಸುವುದರಲ್ಲಿ ಲೋಕಯ್ಯನನ್ನು ಮೀರಿಸಿದವರು ಆ ಓಣಿಯಲ್ಲಿರಲಿಲ್ಲ. ಎರಡು ವರ್ಷ ಕಳೆದ ಮೇಲೆ ಕುಸುಮಾವತಿಯೂ ಬಂದಳು. ಬುದಯ್ಯದ ಇಂಗ್ಲಿಷರ ಕಂಪೌಂಡಿನಲ್ಲಿ ಒಂದು ಮನೆಯ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ. ಆಯಾಳಿಗೆ ಕೋಣೆ ಉಂಟು, ಆಯಾಳ ಗಂಡನಿಗೆ ಇಲ್ಲ. ಹೀಗಾಗಿ ಒಂದೇ ಥಾನಿನಿಂದ ಕತ್ತರಿಸಿದ ಎರಡು ತುಂಡು ಬೇರೆ ಬೇರೆ ಗಿರಾಕಿಯ ಪಾಲಾದ ಹಾಗೆ, ಗಂಡ ಮನಾಮದಲ್ಲಿ, ಹೆಂಡತಿ ಬುದಯ್ಯದಲ್ಲಿ. ಶುಕ್ರವಾರ ಮಧ್ಯಾಹ್ನ ಬಸ್ಸು ಹತ್ತಿ ಹೋದರೆ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಮಾತಾಡಬಹುದು. ಸಮುದ್ರ ದಾಟಿ ಬಂದು ಒಂದೇ ದ್ವೀಪದಲ್ಲಿದ್ದೂ ವಾರಕ್ಕೊಮ್ಮೆ ನೆಂಟನ ಹಾಗೆ ಹೋಗಿ ಬರುವ ಸಂಸಾರ ಅದು.

ಆ ಮನೆಯ ಯಜಮಾನಿಗೆ ಏನೋ ಹೆಸರಿತ್ತು. ಕುಸುಮಾವತಿಯ ಬಾಯಲ್ಲಿ ಮಾತ್ರ ಅವಳು ಬರೀ ‘ಮಿಸೆಸ್’. ಮಿಸೆಸ್ ಎದ್ದರು, ಮಿಸೆಸ್ ತಿಂದರು, ಮಿಸೆಸ್ಸಿಗೆ ತಲೆನೋವು. ಆ ಹೆಂಗಸು ಹುಟ್ಟುವಾಗಲೇ ಮಿಸೆಸ್ ಆಗಿ ಹುಟ್ಟಿದಳೇನೋ ಎನ್ನಬೇಕು.

ಎಂಬತ್ತೊಂದರ ಚಳಿಗಾಲದಲ್ಲಿ ಈ ಮಿಸೆಸ್ಸಿಗೆ ನಾಟಕದ ಹುಚ್ಚು ಹಿಡಿಯಿತು. ಕಂಪೌಂಡಿನ ಕ್ಲಬ್ಬಿನಲ್ಲಿ ಆಡಲು ತಾನೇ ಒಂದು ನಾಟಕ ಬರೆದಳು. ಉಡುಪು ಹೊಲಿಯಲು ಆಯಾಳ ಗಂಡನೇ ಇದ್ದಾನಲ್ಲ! ಹಾಗೆ ಒಂದು ಶುಕ್ರವಾರ ಲೋಕಯ್ಯ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಅಡುಗೆಮನೆಯ ಮೆಟ್ಟಿಲಿನಿಂದ ದೊಡ್ಡ ಕೋಣೆಗೆ ಬಡ್ತಿ ಪಡೆದ.

ಮಿಸೆಸ್ ದಪ್ಪನೆಯ ಚಿತ್ರಗಳ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಹಳೆಯ ಕಾಲದ ಬಣ್ಣದ ಚಿತ್ರ. ಹಸಿರು ಗೌನು ಹಾಕಿದ ರಾಣಿ, ಕುತ್ತಿಗೆಯಲ್ಲಿ ಮುತ್ತು, ಕೈಯಲ್ಲಿ ಬೀಸಣಿಗೆ. ಮಿಸೆಸ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕುಸುಮಾವತಿ, ಮಕ್ಕಳಿಗೆ ಔಷಧ ಕುಡಿಸುವ ದನಿಯಲ್ಲಿ, ಗಂಡನಿಗೆ ದಾಟಿಸುತ್ತಾ ಹೋದಳು.

“ಇದು ಹೆಂಗಸಲ್ಲವಂತೆ.”

“ಮತ್ತೆ?”

“ಗಂಡಸಂತೆ. ಮುನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಹೆಂಗಸರು ನಾಟಕಕ್ಕೆ ಹೋಗಿ ಕುಣಿಯುವ ಹಾಗಿರಲಿಲ್ಲವಂತೆ. ರಾಣಿ ವೇಷವೆಲ್ಲ ಗಂಡಸರೇ ಮಾಡುವುದಂತೆ.”

ಲೋಕಯ್ಯ ಚಿತ್ರದ ಹತ್ತಿರಕ್ಕೆ ಬಗ್ಗಿದ. ಬಟ್ಟೆಯ ವ್ಯಾಪಾರದವನು ಮೊದಲು ನೋಡುವುದು ಮಡಿಕೆಯನ್ನು. ಅವನು ನೋಡಿದ್ದು ಮಣಿಕಟ್ಟನ್ನು. ಬೀಸಣಿಗೆ ಹಿಡಿದ ಆ ಕೈಯನ್ನು ಎಷ್ಟು ಮೃದುವಾಗಿ ಬಾಗಿಸಿದ್ದರೂ ಗಂಟು ಗಂಡಸಿನದೇ. ತನ್ನ ಕೈಯೂ ಹಾಗೇ ಇತ್ತು. ಬಳೆಗಳನ್ನು ಸ್ವಲ್ಪ ಮೇಲಕ್ಕೇರಿಸಿ ಆ ಗಂಟನ್ನು ಮರೆಸುತ್ತಿದ್ದ.

ಮಿಸೆಸ್ ಇನ್ನೊಂದು ಕಥೆ ಹೇಳಿದಳು. ಆ ಕಾಲದಲ್ಲಿ ಜನ ಹೇಳಿಕೊಂಡು ಬಂದ ಕಥೆಯಂತೆ. ಒಂದು ದಿನ ಅರಸನೇ ನಾಟಕಕ್ಕೆ ಬಂದು ಕೂತ. ಎಷ್ಟು ಹೊತ್ತಾದರೂ ಪರದೆ ಏಳಲಿಲ್ಲ. ಅರಸನಿಗೆ ಸಿಟ್ಟು ಬಂತು. ನಾಟಕದ ಯಜಮಾನ ಓಡಿ ಬಂದು ಕೈಮುಗಿದ: ಮಹಾಪ್ರಭೂ, ರಾಣಿಯ ಕ್ಷೌರ ಆಗುತ್ತಿದೆ.

ಲೋಕಯ್ಯ ನಕ್ಕ ರಭಸಕ್ಕೆ ಕೊರಳಿನ ಟೇಪು ಜಾರಿ ಕೆಳಗೆ ಬಿತ್ತು. “ನಮ್ಮಲ್ಲಿಯೂ ಹಾಗೇ! ಊರಿನ ದೊಡ್ಡ ಗುತ್ತಿನ ಮನೆಯ ಯಜಮಾನರು ಎದುರಿನ ಕುರ್ಚಿಯಲ್ಲಿ ಕೂತಿದ್ದಾರೆ, ಇಲ್ಲಿ ಚೌಕಿಯಲ್ಲಿ ನನ್ನ ಅರ್ಧ ಗಡ್ಡ ಬಾಕಿ...” ಎಂದು ಶುರುಮಾಡಿ ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಮತ್ತೆ ಮೆಲ್ಲಗೆ ಕೇಳಿದ: “ಕೇಳು ಅವರನ್ನು, ಆಮೇಲೆ ಇವನದು ಎಂತ ಆಯಿತು ಅಂತ.”

ಕುಸುಮಾವತಿ ಕೇಳಿ ಹೇಳಿದಳು. “ಆಮೇಲೆ ಹೆಂಗಸರೇ ಬರಲಿ ಅಂತ ಅರಸನ ಹುಕುಂ ಆಯಿತಂತೆ. ಇವನಿಗೆ ಕೆಲಸ ಇಲ್ಲದಾಯಿತಂತೆ. ಈ ಚಿತ್ರವೊಂದು ಉಳಿದಿದೆಯಂತೆ.”

“ಮೀಸೆ ಬಿಟ್ಟನಾ?”

ಅದನ್ನು ಕುಸುಮಾವತಿ ಇಂಗ್ಲಿಷಿಗೆ ದಾಟಿಸಲಿಲ್ಲ.

ಮಿಸೆಸ್ ಬರೆದ ನಾಟಕ ಇದೇ ಕಥೆ. ರಂಗದ ಮೇಲೆ ಇಬ್ಬರೇ. ಚಿತ್ರ ಬರೆಯುವವನೊಬ್ಬ, ಮಾತೆಲ್ಲ ಅವನದು. ತಾನು ಬರೆಯುತ್ತಿರುವುದು ಗಂಡನ್ನೋ ಹೆಣ್ಣನ್ನೋ, ಕೆಳಗೆ ಹೆಸರು ಬರೆಯುವುದು ರಾಣಿಯದೋ ನಟನದೋ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಇನ್ನೊಬ್ಬ ಆ ನಟ. ರಾಣಿಯ ಗೌನಿನಲ್ಲಿ ಬರಬೇಕು, ಕೂರಬೇಕು, ಎದ್ದು ಹೋಗಬೇಕು. ಅವನಿಗೆ ಒಂದಕ್ಷರ ಮಾತಿಲ್ಲ. ಆ ಪಾತ್ರಕ್ಕೆ ಬ್ಯಾಂಕಿನ ಡೆನ್ನಿಸ್ ಎಂಬ ಹುಡುಗನನ್ನು ಆರಿಸಿದ್ದರು. ಅವನ ಯೋಗ್ಯತೆ ಎಂದರೆ ಸೊಂಟ ಸಣ್ಣದಿತ್ತು. ನಡೆದರೆ ಮಾತ್ರ ಮೀನಾ ಸಲ್ಮಾನ್ ಬಂದರಿನಲ್ಲಿ ಸಿಮೆಂಟು ಗೋಣಿ ಹೊತ್ತವನ ಹಾಗೆ ಕಾಣುತ್ತಿದ್ದ.

ಗೌನಿನ ಅಂಚಿಗೆ ಪಿನ್ನು ಚುಚ್ಚುತ್ತಾ ನೆಲದಲ್ಲಿ ಕೂತಿದ್ದ ಲೋಕಯ್ಯ ಎರಡು ಸಲ ಸಹಿಸಿದ. ಮೂರನೆಯ ಸಲ ಎದ್ದ. “ಹೀಗಲ್ಲ ಮಾರಾಯ. ನೆಲವನ್ನು ತುಳಿಯಬಾರದು, ಕೇಳಬೇಕು,” ಎಂದವನೇ ಬಾಗಿಲಿನಿಂದ ಕಿಟಕಿಯವರೆಗೆ ನಡೆದು ತೋರಿಸಿದ. ಟೆರಿಲಿನ್ ಪ್ಯಾಂಟು, ಬಾಯಲ್ಲಿ ಪಿನ್ನುಗಳು, ಮುಖದ ಮೇಲೆ ಹಲಗೆಯಂಥ ಮೀಸೆ. ಆದರೂ ಕೋಣೆಯಲ್ಲಿ ಗದ್ದಲ ಮಾಡುತ್ತಿದ್ದ ಇಂಗ್ಲಿಷರು ಒಬ್ಬೊಬ್ಬರಾಗಿ ಸುಮ್ಮನಾದರು. ಟ್ರೇ ಹಿಡಿದು ಬರುತ್ತಿದ್ದ ಕುಸುಮಾವತಿ ಅದನ್ನು ಮೇಜಿಗೆ ಕುಕ್ಕಿ ಒಳಗೆ ಹೋದಳು.

ಮುಂದಿನ ಶುಕ್ರವಾರ ಡೆನ್ನಿಸ್ ಬರಲಿಲ್ಲ. ದೋಣಿಯಿಂದ ಇಳಿಯುವಾಗ ಕಾಲು ಉಳುಕಿತ್ತು. ನಾಟಕಕ್ಕೆ ಒಂದೇ ವಾರ. ಮಿಸೆಸ್ ಲೋಕಯ್ಯನನ್ನು ಮೇಲಿನಿಂದ ಕೆಳಗೆ, ಒಳ್ಳೆಯ ಮಾಲು ಕಡಿಮೆಗೆ ಸಿಕ್ಕಿದ ಗಿರಾಕಿಯ ಹಾಗೆ ನೋಡಿ ಏನೋ ಹೇಳಿದಳು. ಕುಸುಮಾವತಿ ದಾಟಿಸಿದಳು.

“ನೀವೇ ಮಾಡಬೇಕಂತೆ. ಮಾತಿಲ್ಲವಲ್ಲ, ನಡೆದರೆ ಸಾಕಂತೆ.”

ಲೋಕಯ್ಯನ ಎದೆಯಲ್ಲಿ ಚೆಂಡೆ ಬಡಿದ ಹಾಗಾಯಿತು. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಿಸೆಸ್ ತನ್ನ ತುಟಿಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ತೋರಿಸಿದಳು. ಅದನ್ನು ಯಾರೂ ದಾಟಿಸಬೇಕಾಗಿರಲಿಲ್ಲ.

ಬಸ್ ಸ್ಟಾಪಿನವರೆಗೆ ಕುಸುಮಾವತಿ ಜೊತೆಗೆ ಬಂದಳು. ಎಡಕ್ಕೆ ಖರ್ಜೂರದ ತೋಟ, ಬಲಕ್ಕೆ ಕಂಪೌಂಡಿನ ಗೋಡೆ. ನಡುವೆ ಇಬ್ಬರೂ ನಡೆದರು.

“ನೀನು ಬೇಡ ಅಂದರೆ ಇಲ್ಲ,” ಲೋಕಯ್ಯ ಹೇಳಿದ.

“ನಿಮ್ಮ ಮುಖ. ನಾನು ಎಂತ ಹೇಳುವುದು?”

“ಮುಖ ನನ್ನದು. ಮೀಸೆ ನಿನ್ನದು.”

ಅವಳು ನಗಲಿಲ್ಲ, ನಗು ಬಂದದ್ದನ್ನು ನುಂಗಿದಳು. “ಮದುವೆ ಆದ ಮೇಲೆ ಬಾವಿಕಟ್ಟೆಯಲ್ಲಿ ಎಂತ ಹೇಳುತ್ತಿದ್ದರು ಗೊತ್ತುಂಟಾ ನಿಮಗೆ? ನಿನ್ನ ಗಂಡನ ಹಳೇ ಸೀರೆ ಉಂಟಾ, ನಮಗೆ ಒಂದು ಕೊಡು ಅಂತ.”

“ಇಲ್ಲಿ ಬಾವಿಯೂ ಇಲ್ಲ, ಕಟ್ಟೆಯೂ ಇಲ್ಲ.”

ಬಸ್ಸು ಬಂತು. “ಯೋಚನೆ ಮಾಡಿ ಹೇಳುತ್ತೇನೆ. ಅಂಗಡಿಗೆ ಫೋನ್ ಮಾಡುತ್ತೇನೆ,” ಎಂದಳು.

ಆ ವಾರವಿಡೀ ಲೋಕಯ್ಯ ಮಿಶಿನ್ ತುಳಿಯುತ್ತಾ ಕಿವಿಯನ್ನು ಹುಸೈನಬ್ಬನ ಮೇಜಿನ ಫೋನಿಗೆ ಅಡವಿಟ್ಟಿದ್ದ. ಪ್ರತಿ ಸಲ ಫೋನ್ ಬಾರಿಸಿದಾಗಲೂ ಸೂಜಿ ನಿಲ್ಲುತ್ತಿತ್ತು.

“ಎಂತ ಲೋಕಯ್ಯಣ್ಣ, ಹೊಸ ಮದುಮಗನ ಹಾಗೆ ಆಡ್ತೀಯಲ್ಲ?” ಹುಸೈನಬ್ಬ ಛೇಡಿಸಿದ. “ಅಬ್ದುಲ್ಲನ ಅಂಗಿಗೆ ಎರಡೂ ತೋಳು ಎಡಗೈಯದ್ದೇ ಇಟ್ಟಿದ್ದಿ. ಅವನು ನಮಾಜಿಗೆ ಹೋಗಬೇಕಾ, ಸರ್ಕಸ್ಸಿಗಾ?”

ಗುರುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾರನೆಯ ದಿನ ಶುಕ್ರವಾರ. ಎಲ್ಲರಿಗೂ ಹೊಸ ಅಂಗಿ ಇಂದೇ ಬೇಕು. ಲೋಕಯ್ಯ ಗುಂಡಿ ತರಲು ಪಕ್ಕದ ಓಣಿಗೆ ಹೋಗಿ ಬರುವಷ್ಟರಲ್ಲಿ ಫೋನ್ ಬಂದು ಹೋಗಿತ್ತು. ಒಬ್ಬ ದಪ್ಪ ಅರಬನ ಎದೆಗೆ ಟೇಪು ಸುತ್ತಿ, ರಿಸೀವರನ್ನು ಗಲ್ಲದ ಅಡಿಗೆ ಸಿಕ್ಕಿಸಿಕೊಂಡು ಹುಸೈನಬ್ಬನೇ ಮಾತಾಡಿದ್ದ.

“ನಿನ್ನ ಹೆಂಡತಿ ಮಾಡಿದ್ದಳು.”

“ಎಂತ ಹೇಳಿದಳು ಸಾಹುಕಾರ್ರೆ?”

“ಮೀಸೆ ಬೇಡ ಅಂತೆ.”

ಲೋಕಯ್ಯನ ಕೈಯಿಂದ ಗುಂಡಿಯ ಪೊಟ್ಟಣ ಜಾರಿತು. “ಸರಿಯಾಗಿ ಕೇಳಿದಿರಾ?”

“ನನಗೆ ಕಿವಿ ಇಲ್ವಾ? ಎರಡು ಸಲ ಹೇಳಿದಳು. ‘ಮೀಸೆ ಬೇಡ ಹೇಳಿದ್ರು ಅಂತ ಇವರಿಗೆ ಹೇಳಿ.’ ಅಷ್ಟೇ. ನಿಮ್ಮ ಗಂಡ ಹೆಂಡತಿಯ ಮಧ್ಯೆ ಈ ಮೀಸೆ ಯಾಕೆ ಬಂತು, ಅದು ನನಗೆ ಗೊತ್ತಿಲ್ಲ.”

‘ಹೇಳಿದ್ರು’ ಎಂದರೆ ಯಾರು ಹೇಳಿದ್ದು? ಬೇರೆ ದಿನವಾದರೆ ಲೋಕಯ್ಯ ಅಲ್ಲೇ ನಿಲ್ಲುತ್ತಿದ್ದ. ಒಂದು ಹೊಲಿಗೆ ತಪ್ಪಿದರೂ ಹತ್ತು ಮೊಳ ಬಿಚ್ಚುವ ಮನುಷ್ಯ ಅವನು. ಅಂದು ಬಿಚ್ಚಲು ಮನಸ್ಸು ಬರಲಿಲ್ಲ. ಹೇಳಿದಳೋ ಹೇಳಿದರೋ, ಹುಸೈನಬ್ಬನ ಗಲ್ಲದ ಅಡಿಯಲ್ಲಿ ಸಿಕ್ಕಿ ಒಂದಕ್ಷರ ನಜ್ಜಾಗಿದ್ದೀತು ಎಂದುಕೊಂಡ. ಇಷ್ಟು ವರ್ಷಗಳ ಮೇಲೆ ಅವಳೇ, ಅವಳ ಬಾಯಿಂದಲೇ, ಬೇಡ ಅಂದಳಲ್ಲ!

ಬೆಳಿಗ್ಗೆ ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ಕೂತು ಅವನು ಮೀಸೆ ತೆಗೆದ. ಕೆಳಗಿದ್ದ ಚರ್ಮ ಎಳೆ ಸೌತೆಯ ಹಾಗೆ ಬೆಳ್ಳಗೆ, ಯಾರದೋ ಹಾಗೆ ಕಾಣಿಸಿತು. ಅದೇ ಕೋಣೆಯಲ್ಲಿ ಮಲಗುವ ಗಾರೆ ಕೆಲಸದ ಚನಿಯ ಎದ್ದು ಕೂತವನು ಗಾಬರಿಯಾದ. ನಮ್ಮ ಕಡೆ ಮೀಸೆ ತೆಗೆಯುವುದು ತಂದೆ ತಾಯಿ ತೀರಿಕೊಂಡಾಗ.

“ಅಯ್ಯೋ ಲೋಕಯ್ಯಣ್ಣ, ಊರಿಂದ ಸುದ್ದಿ ಬಂತಾ? ಯಾರು ಹೋದದ್ದು?”

“ಯಾರೂ ಹೋಗಲಿಲ್ಲ ಮಾರಾಯ,” ಲೋಕಯ್ಯ ಮುಖ ಒರೆಸಿಕೊಂಡ. “ಒಬ್ಬಳು ಬಂದಳು.”

ಬುದಯ್ಯದ ಬಸ್ಸಿನಲ್ಲಿ ಕಿಟಕಿಯ ಗಾಳಿ ಮೇಲ್ದುಟಿಗೆ ತಾಗುತ್ತಿತ್ತು. ಮಡಿಲಲ್ಲಿ ಹಸಿರು ಸ್ಯಾಟಿನ್ ಗೌನಿನ ಗಂಟು. ಮನಸ್ಸಿನಲ್ಲೇ ಅವನು ಕಾಡಿಗೆ ಹೋದ, ಗಂಡನನ್ನು ಹುಡುಕಿದ, ಮರಗಳನ್ನು ಕೇಳಿದ. ಇವತ್ತು ಹುಡುಕುವ ರಾಣಿಯನ್ನು ನೋಡಲು ಕೊನೆಯ ಸಾಲಿನಲ್ಲಿ ಕುಸುಮಾವತಿ ಇರುತ್ತಾಳೆ.

ಅಡುಗೆಮನೆಯ ಬಾಗಿಲು ತೆರೆದ ಕುಸುಮಾವತಿ ಅವನನ್ನು ನೋಡಿದಳು. ಅವಳ ಕೈ ತಾನಾಗಿ ತನ್ನ ಮೇಲ್ದುಟಿಗೆ ಹೋಯಿತು, ಕಳೆದುಹೋದದ್ದು ತನ್ನದೇ ಎನ್ನುವ ಹಾಗೆ. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮಿಸೆಸ್ ಬಂದಳು.

“ಓ ಡಿಯರ್!” ಎಂದಳು. ಆಮೇಲೆ ಕುಸುಮಾವತಿಯನ್ನು ಏನೋ ಬಡಬಡನೆ ಕೇಳಿದಳು. ಅದರಲ್ಲಿ ಲೋಕಯ್ಯನಿಗೆ ಹಿಡಿದದ್ದು ನಾಲ್ಕೇ ಮಾತು: ಡೆನ್ನಿಸ್, ಓಕೆ, ಟೆಲಿಫೋನ್, ನೋ. ನಾಲ್ಕು ಸಾಕಿತ್ತು. ಕೋಣೆಯ ಒಳಗೆ ಡೆನ್ನಿಸ್ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಉತ್ಸಾಹದಿಂದ ಬಾಗಿಲಿನಿಂದ ಕಿಟಕಿಗೆ ನೆಲವನ್ನು ತುಳಿಯುತ್ತಿದ್ದ.

ಮಿಸೆಸ್ ಒಳಗೆ ಹೋದ ಮೇಲೆ ಲೋಕಯ್ಯ ಮೆಟ್ಟಿಲಲ್ಲಿ ಕೂತ. “ನೀನು ಹೇಳಿದ್ದು ‘ಮಿಸೆಸ್ ಬೇಡ ಹೇಳಿದ್ರು’ ಅಂತಲಾ?”

“ಹೂಂ.”

“ಬ್ಯಾರಿ ಅದನ್ನು ಮೀಸೆ ಮಾಡಿದ.”

ಕುಸುಮಾವತಿಗೆ ನಗು ಬರಬೇಕಿತ್ತು. ಬರಲಿಲ್ಲ. ಅವನ ಬೋಳು ತುಟಿ ಸಣ್ಣಗೆ ಅದುರುತ್ತಿತ್ತು. ಮೀಸೆ ಇದ್ದಾಗ ಅದರ ಹಿಂದೆ ಇದೂ ಇತ್ತು ಎಂದು ಅವಳಿಗೆ ಗೊತ್ತಿರಲಿಲ್ಲ.

“ಮಿಸೆಸ್ ಹೇಳಿದ್ದಿರಲಿ,” ಅವನು ನೆಲ ನೋಡುತ್ತಾ ಕೇಳಿದ. “ನೀನು ಎಂತ ಹೇಳುವುದಂತ ಇದ್ದೆ?”

ಅವಳು ಗೌನಿನ ಗಂಟು ಎತ್ತಿಕೊಂಡು ಮನೆಯ ಹಿಂದಿನ ಅಂಗಳಕ್ಕೆ ನಡೆದಳು. ಅಲ್ಲಿ ಇಸ್ತ್ರಿಯ ಕೋಣೆ. ಅದರಾಚೆ ಬಟ್ಟೆ ಒಣಗಿಸುವ ಹಗ್ಗ. ಹಗ್ಗದ ಮೇಲೆ ಬಿಳಿಯ ಹಾಸಿಗೆ ಬಟ್ಟೆಗಳು ಸಮುದ್ರದ ಗಾಳಿಗೆ ಉಬ್ಬುತ್ತಿದ್ದವು. ಲೋಕಯ್ಯ ಹಿಂದೆಯೇ ಹೋದ. ಅವಳು ಗೌನಿಗೆ ಇಸ್ತ್ರಿ ಹಾಕಿ, ಮಡಿಕೆ ಬಿಡಿಸಿ, ಅವನ ಮುಂದೆ ಹಿಡಿದಳು.

“ಹಾಕಿಕೊಳ್ಳಿ. ಅಂಚು ಸರಿ ಉಂಟಾ ನೋಡಬೇಕಲ್ಲ.”

“ಅಂಚು ಸರಿ ಉಂಟು. ಎರಡು ಸಲ ನೋಡಿದ್ದೇನೆ.”

“ನಾನು ನೋಡಲಿಲ್ಲ,” ಅಂದಳು ಕುಸುಮಾವತಿ.

ಅವಳು ಅಂಚಿನ ಮಾತೇ ಆಡುತ್ತಿದ್ದಾಳೋ ಎಂದು ಅವನು ಅವಳ ಮುಖ ನೋಡಿದ. ಅವಳು ಹಗ್ಗದ ಕಡೆ ತಿರುಗಿದ್ದಳು.

ಇಸ್ತ್ರಿಯ ಕೋಣೆಯಲ್ಲಿ ಅವನು ಗೌನು ತೊಟ್ಟ. ಬಣ್ಣವಿಲ್ಲ, ಮುಡಿಯಿಲ್ಲ, ಬಳೆಯಿಲ್ಲ. ಅಭ್ಯಾಸಬಲದಿಂದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಹೊರಗೆ ಬಂದಾಗ ಕುಸುಮಾವತಿ ಹಾಸಿಗೆ ಬಟ್ಟೆಯೊಂದರ ತುದಿ ಹಿಡಿದು ನಿಂತಿದ್ದಳು. ಮೇಳದಲ್ಲಿ ಮುಖ್ಯ ವೇಷ ಬರುವಾಗ ಇಬ್ಬರು ಹೀಗೇ ತೆರೆ ಹಿಡಿಯುತ್ತಾರೆ. ಇಲ್ಲಿ ಒಂದು ತುದಿಗೆ ಹೆಂಡತಿ, ಇನ್ನೊಂದು ತುದಿಗೆ ಬಟ್ಟೆಯ ಕ್ಲಿಪ್ಪು. ಆ ಸಂಪ್ರದಾಯ ಅವಳಿಗೆ ಯಾರು ಹೇಳಿದರೋ! ಇಂಥದ್ದು ಬೇಡವೆಂದವಳು ಬೇಡವಾದದ್ದರ ವಿಷಯವೆಲ್ಲ ಯಾವಾಗಲೋ ಕೇಳಿ ತಿಳಿದಿಟ್ಟುಕೊಂಡಿದ್ದಳು.

ಅವಳು ತೆರೆ ಇಳಿಸಿದಳು.

ಭಾಗವತರ ಹಾಡಿಲ್ಲ, ಮದ್ದಳೆಯಿಲ್ಲ. ಇಂಗ್ಲಿಷರ ಏರ್ ಕಂಡೀಶನರ್ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ಅದನ್ನೇ ಹಿಡಿದುಕೊಂಡು ಲೋಕಯ್ಯ ಹೆಜ್ಜೆಯಿಟ್ಟ. ಹಗ್ಗದಿಂದ ಖರ್ಜೂರದ ಮರದವರೆಗೆ ಹತ್ತು ಹೆಜ್ಜೆಯ ಅಂಗಳ. ಅಷ್ಟರಲ್ಲೇ ಕಾಡು, ಅಷ್ಟರಲ್ಲೇ ಹುಡುಕಾಟ. ಮರದ ಹತ್ತಿರ ನಿಂತು ಅದನ್ನು ಕೇಳಿದ: ಅವನನ್ನು ನೋಡಿದೆಯಾ? ಬಾಯಿಂದಲ್ಲ, ಕುತ್ತಿಗೆಯಿಂದ ಕೇಳಿದ. ಮರ ಹೇಳಲಿಲ್ಲ. ತಿರುಗಿ ಹೊರಟಾಗ ಗೌನಿನ ಅಂಚು ಮರಳನ್ನು ಸವರಿಕೊಂಡು ಬಂತು. ಅಂಚು ಸರಿಯಾಗಿಯೇ ಇತ್ತು.

ಕುಸುಮಾವತಿ ಚಪ್ಪಾಳೆ ತಟ್ಟಲಿಲ್ಲ. ಹಾಸಿಗೆ ಬಟ್ಟೆಯ ತುದಿಯನ್ನು ಬಿಟ್ಟಿರಲೂ ಇಲ್ಲ. ಅದು ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

“ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ,” ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, “ಬಿಚ್ಚಿ ಕೊಡಿ ಈಗ. ಡೆನ್ನಿಸ್ ಕಾಯ್ತಾನೆ. ಬೆವರು ತಾಗಿದರೆ ಕಲೆಯಾಗ್ತದೆ,” ಎಂದಳು.

ಸಂಜೆ ಕ್ಲಬ್ಬಿನಲ್ಲಿ ಜನ ತುಂಬಿತು. ಹೊತ್ತಾದರೂ ಪರದೆ ಏಳಲಿಲ್ಲ. ಮಿಸೆಸ್ ದುಡುದುಡು ಹಿಂದಕ್ಕೆ ಓಡಿ ಬಂದಳು. ಬಣ್ಣದ ಕೋಣೆಯ ಬಾಗಿಲಲ್ಲಿ ಪಿನ್ನಿನ ಡಬ್ಬಿ ಹಿಡಿದು ಲೋಕಯ್ಯ ನಿಂತಿದ್ದ. ಒಳಗೆ ಡೆನ್ನಿಸ್, ಮಧ್ಯಾಹ್ನದಿಂದ ಚಿಗುರಿದ ಗಡ್ಡದ ಮೇಲೆ ಪೌಡರು ನಿಲ್ಲದೆ, ಮತ್ತೆ ನೊರೆ ಹಚ್ಚಿಕೊಂಡಿದ್ದ.

ಲೋಕಯ್ಯನಿಗೆ ಇದ್ದಬದ್ದ ಇಂಗ್ಲಿಷು ಒದಗಿ ಬಂತು. “ಕ್ವೀನ್ ಶೇವಿಂಗ್, ಮೇಡಂ.”

ಮಿಸೆಸ್ ಗೋಡೆ ಹಿಡಿದುಕೊಂಡು ನಕ್ಕಳು. ಅವಳ ಕಣ್ಣಲ್ಲಿ ನೀರು ಬಂತು. ಲೋಕಯ್ಯ ಪಿನ್ನಿನ ಡಬ್ಬಿಗೆ ಮುಚ್ಚಳ ಹಾಕಿದ.

ಡೆನ್ನಿಸ್ ಪರವಾಗಿಲ್ಲ ಎನ್ನುವಷ್ಟು ನಡೆದ. ಮುಂದಿನ ಸಾಲಿನಲ್ಲಿ ಕೆಲವರು ಕಿಸಕ್ಕೆಂದರು. ಗಂಡಸು ಗೌನು ಹಾಕಿದರೆ ನಗಬೇಕೆಂದು ಆ ಜನರಿಗೆ ಅಭ್ಯಾಸವಾಗಿ ಹೋಗಿತ್ತು. ಕೊನೆಯ ಸಾಲಿನ ಹಿಂದೆ ಟ್ರೇ ಹಿಡಿದು ನಿಂತಿದ್ದ ಕುಸುಮಾವತಿ ರಂಗದ ಕಡೆ ನೋಡಲೇ ಇಲ್ಲ. ನೋಡಬೇಕಾದದ್ದನ್ನು ನೋಡಿ ಬಂದವಳ ಹಾಗೆ ಲೋಟಗಳನ್ನು ಜೋಡಿಸುತ್ತಿದ್ದಳು.

ಮುಂದಿನ ಬುಧವಾರ ಅಂಗಡಿಯ ಫೋನ್ ಬಾರಿಸಿತು. ಹುಸೈನಬ್ಬ ಎತ್ತಿ, ಕೇಳಿ, ರಿಸೀವರನ್ನು ಹಾವಿನ ಬಾಲ ಹಿಡಿದವನ ಹಾಗೆ ದೂರ ಚಾಚಿದ. “ನಿನ್ನ ಹೆಂಡತಿ. ಮೀಸೆಯೋ ಮಿಸೆಸ್ಸೋ, ನೀನೇ ಕೇಳಿಕೋ ಮಾರಾಯ. ನನಗೆ ಆ ಪಾಪ ಬೇಡ.”

“ಹಲೋ,” ಎಂದ ಲೋಕಯ್ಯ.

ಆ ಕಡೆ ಎಲ್ಲೋ ಮಗು ಅಳುತ್ತಿತ್ತು. ಕುಸುಮಾವತಿ ಅದನ್ನು ಇಂಗ್ಲಿಷಿನಲ್ಲಿ ಸಮಾಧಾನ ಮಾಡಿ, ಫೋನಿಗೆ ಬಂದಳು.

“ಬೆಳೆಯಿತಾ?”

ಅವನು ತುಟಿಯ ಮೇಲೆ ಬೆರಳಾಡಿಸಿಕೊಂಡ. ಅರೆದ ಹುರುಳಿಯಂಥ ತರಿ. “ಸ್ವಲ್ಪ.”

“ಅವಸರ ಇಲ್ಲ,” ಅಂದಳು ಕುಸುಮಾವತಿ. ಆಮೇಲೆ, ಇವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು, ಇನ್ನೊಂದು ಸಲ ಹೇಳಿದಳು.